ಮಾರಿಸ್ವಿಲ್‌ನಲ್ಲಿ ಮನೆ ಮಾಡಬಹುದಾ ಎಂದು ಕೇಳಿದ್ದೀರಿ

ಧಾರಾಳವಾಗಿ ಮಾಡಬಹುದು. ಕೆಲಸ ಊರ ಪಕ್ಕದ ಟೆಕ್ ಪಾರ್ಕಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ, ದಾವಣಗೆರೆಯಿಂದ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳ ಜೊತೆ ಬರುತ್ತಿದ್ದೇನೆ ಎಂದಿದ್ದೀರಿ. ಅಲ್ಲಿ ಬರೀ ನಮ್ಮವರೇ ಇದ್ದಾರಂತೆ, ಮಿಕ್ಕವರು ನಮ್ಮನ್ನು ಹೇಗೆ ನೋಡುತ್ತಾರೆ, ಒಂದು ಸಂಬಳ ಸಾಕಾಗುತ್ತದಾ ಎಂದೂ ಕೇಳಿದ್ದೀರಿ. ಮಗಳನ್ನು ಇಲ್ಲೇ ಬೆಳೆಸಿದವಳು ನಾನು, ಗೊತ್ತಿರುವುದನ್ನು ಹೇಳುತ್ತೇನೆ.

"ಬರೀ ನಮ್ಮವರೇ" ಎಂಬ ಮಾತನ್ನು ಮೊದಲು ಬಿಡಿ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಈ ಊರಲ್ಲಿ 2000ದ ಜನಗಣತಿಯ ಹೊತ್ತಿಗೆ ಇದ್ದವರು 5,208 ಮಂದಿ. 2010ಕ್ಕೆ 18,576, 2020ಕ್ಕೆ 29,630. ಆ ಟೆಕ್ ಪಾರ್ಕು, ವಿಮಾನ ನಿಲ್ದಾಣ, ಇಲ್ಲೇ ಕಚೇರಿ ಇಟ್ಟುಕೊಂಡ ಲೆನೊವೊ, ಎಲ್ಲ ಸೇರಿ ಜನರನ್ನು ಎಳೆದುಕೊಂಡವು. 2020ರಲ್ಲಿ ಏಷ್ಯಾ ಮೂಲದವರು 100ಕ್ಕೆ 40 ದಾಟಿ, ಬಿಳಿಯರಿಗಿಂತ ಹೆಚ್ಚಾದರು. ಅವರಲ್ಲಿ ನಮ್ಮ ದೇಶದವರೇ ಬಹಳ. ಆದರೆ ನಮಗಿಂತ ಎಷ್ಟೋ ಮೊದಲು, ಅಂತರ್ಯುದ್ಧ ಮುಗಿದು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಇಲ್ಲಿ ಶೈಲೋ ಎಂಬ ಕೇರಿ ಕಟ್ಟಿಕೊಂಡರು. ಅವರ ಚರ್ಚು ಇವತ್ತಿಗೂ ಇದೆ.

ಚರ್ಚ್ ಸ್ಟ್ರೀಟ್ ಪಾರ್ಕಿಗೆ ಶನಿವಾರ ಹೋಗಿ ನೋಡಿ. ಬೆಳಿಗ್ಗೆಯೇ ಬಿಳಿ ಪ್ಯಾಂಟು ಹಾಕಿಕೊಂಡು ಕ್ರಿಕೆಟ್ ಆಡುವ ಹುಡುಗರು, ಬೌಂಡರಿ ಗೆರೆಯಾಚೆ ಕುರ್ಚಿ ಹಾಕಿಕೊಂಡು ಕೂತ ಅಪ್ಪಂದಿರು, ಫ್ಲಾಸ್ಕಿನಲ್ಲಿ ಚಹಾ. 2023ರಲ್ಲಿ ಅಮೆರಿಕದ ವೃತ್ತಿಪರ ಟಿ20 ಲೀಗ್ ಆದ ಮೇಜರ್ ಲೀಗ್ ಕ್ರಿಕೆಟ್‌ನ ಕೆಲವು ಪಂದ್ಯಗಳು ಇದೇ ಮೈದಾನದಲ್ಲಿ ನಡೆದವು. ನನಗೆ ಹೆಮ್ಮೆಯೇ. ಅದೇ ರಸ್ತೆಯ ಕಡೆ ಹಳೆಯ ಮನೆಯೊಂದರಲ್ಲಿ ಒಬ್ಬರು ಅಜ್ಜಿ ಇದ್ದಾರೆ. 2024ರಲ್ಲಿ ವೇಕ್ ಕೌಂಟಿ, ಅಂದರೆ ಇಲ್ಲಿಯ ಜಿಲ್ಲಾಡಳಿತ, ಆಸ್ತಿಗಳಿಗೆ ಹೊಸದಾಗಿ ಬೆಲೆ ಕಟ್ಟಿತಲ್ಲ, ಆ ಕಾಗದವನ್ನು ಅವರು ನನಗೆ ತೋರಿಸಿದರು. "ಮನೆ ಅದೇ, ಬೆಲೆ ಮಾತ್ರ ಬೇರೆ. ನನ್ನ ಮೊಮ್ಮಕ್ಕಳಿಗೆ ಈ ಊರಲ್ಲಿ ಮನೆ ಕೊಳ್ಳೋಕೆ ಆಗಲ್ಲ" ಅಂದರು. ನಮ್ಮ ಮೇಲೆ ಅವರಿಗೆ ಸಿಟ್ಟಿಲ್ಲ. ಆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಉಳಿದವರು ಹೇಗೆ ನೋಡುತ್ತಾರೆ ಅಂತ ಕೇಳಿದಿರಿ. ಬಹುತೇಕರು ಒಳ್ಳೆಯದಾಗಿಯೇ ನೋಡುತ್ತಾರೆ. ಆದರೆ ನಾವು ನಮ್ಮ ನಮ್ಮಲ್ಲೇ ವಾಟ್ಸಾಪ್ ಗುಂಪು, ಸತ್ಯನಾರಾಯಣ ಪೂಜೆ, ಹುಟ್ಟುಹಬ್ಬ ಅಂತ ಇದ್ದುಬಿಟ್ಟರೆ ಪಕ್ಕದ ಮನೆಯವರ ಹೆಸರೂ ತಿಳಿಯುವುದಿಲ್ಲ. ಬಂದ ವಾರವೇ ಎರಡೂ ಪಕ್ಕದವರ ಬಾಗಿಲು ತಟ್ಟಿ ಪರಿಚಯ ಮಾಡಿಕೊಳ್ಳಿ. ಟೌನ್ ಕೌನ್ಸಿಲ್ ಸಭೆಗೆ ಹೋಗಿ ಕೂತು ಕೇಳಿ, ನಮ್ಮವರು ಅಲ್ಲಿ ಸದಸ್ಯರಾಗಿಯೂ ಆರಿಸಿ ಬಂದಿದ್ದಾರೆ.

ದೇವಸ್ಥಾನಕ್ಕೆ ಕೊರತೆಯಿಲ್ಲ. ಹಿಂದೂ ಸೊಸೈಟಿಯದು ಊರಲ್ಲೇ ಇದೆ, ವೆಂಕಟೇಶ್ವರನದು ಪಕ್ಕದ ಕ್ಯಾರಿಯಲ್ಲಿ. ಸೋನಾ ಮಸೂರಿ, ಕರಿಬೇವು ಎಲ್ಲ ಸಿಗುತ್ತದೆ, ಸೂಟ್‌ಕೇಸಲ್ಲಿ ಹೊತ್ತು ತರಬೇಡಿ.

ಸಂಬಳದ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳ ಆದಾಯ ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತದೆ. ಅದನ್ನು ನೋಡಿ ಊರೆಲ್ಲ ಅನುಕೂಲಸ್ಥರು ಅಂದುಕೊಳ್ಳುತ್ತಾರೆ. ಅದು ಮನೆಯವರೆಲ್ಲರ ಸಂಪಾದನೆ ಸೇರಿದ ಲೆಕ್ಕ, ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿ ದುಡಿಯುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ನೀವು ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಬಂದರೆ ನಿಮ್ಮ ಹೆಂಡತಿಯದು ಎಚ್-4 ಎಂಬ ಅವಲಂಬಿತರ ವೀಸಾ. ನಿಮ್ಮ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗುವ ತನಕ ಸಾಮಾನ್ಯವಾಗಿ ಅವರು ಕೆಲಸಕ್ಕೆ ಹೋಗುವಂತಿಲ್ಲ. ಅಂದರೆ ಎರಡು ಸಂಬಳದವರು ಏರಿಸಿಟ್ಟ ಬಾಡಿಗೆಯನ್ನು ನೀವು ಒಂದು ಸಂಬಳದಲ್ಲಿ ಕಟ್ಟಬೇಕು. ಓದಿ ದುಡಿದ ಹೆಣ್ಣುಮಗಳು ವರ್ಷಗಟ್ಟಲೆ ಮನೆಯಲ್ಲಿ ಕೂರುವ ಸಂಕಟವೂ ಸಣ್ಣದಲ್ಲ, ಟಿಕೆಟ್ ಬುಕ್ ಮಾಡುವ ಮೊದಲೇ ಇಬ್ಬರೂ ಕೂತು ಮಾತಾಡಿ. ಗೆಳೆಯರೆಲ್ಲ ಕೊಂಡರು ಅಂತ ಸಾಲ ಮಾಡಿ ಮನೆ ಕೊಳ್ಳಬೇಡಿ, ಮೊದಲು ಬಾಡಿಗೆಗೇ ಇರಿ.

ಇನ್ನು ಮಗಳ ಶಾಲೆ. ಆಗಸ್ಟ್ 31ರೊಳಗೆ ಐದು ತುಂಬಿದರೆ ಆ ವರ್ಷ ಕಿಂಡರ್‌ಗಾರ್ಟನ್‌ಗೆ ಸೇರಿಸಬಹುದು. ಜನ ಹೆಚ್ಚಾಗಿ ವೇಕ್ ಕೌಂಟಿಯ ಕೆಲವು ಶಾಲೆಗಳು ಭರ್ತಿಯಾಗಿವೆ, ಹೊಸದಾಗಿ ಬಂದ ಮಕ್ಕಳನ್ನು ದೂರದ ಶಾಲೆಗೆ ಕಳಿಸುವುದುಂಟು. ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಆ ಮನೆಯ ವಿಳಾಸವನ್ನು ಕೌಂಟಿ ಶಾಲೆಗಳ ಜಾಲತಾಣದಲ್ಲಿ ಹಾಕಿ ಯಾವ ಶಾಲೆ, ಅದರಲ್ಲಿ ಜಾಗ ಇದೆಯಾ ಎಂದು ನೋಡಿಕೊಳ್ಳಿ.