ಯೂದನ ಪಾತ್ರದಲ್ಲಿ ಕಾರ್ಲ್ ಆಂಡರ್ಸನ್ ಯಾಕೆ ಇಷ್ಟು ಕಾಡುತ್ತಾರೆ?

ನೀವು ಕೇಳಿದ್ದು ಇದು: 1973ರ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಸಿನಿಮಾ ನೋಡಿದವರೆಲ್ಲ ಯೇಸುವಿಗಿಂತ ಯೂದನ ಬಗ್ಗೆಯೇ ಜಾಸ್ತಿ ಮಾತಾಡುತ್ತಾರಲ್ಲ, ಆ ನಟನೆಯಲ್ಲಿ ಅಂಥದ್ದೇನಿದೆ? ಬೈಬಲ್ ಓದದವರಿಗೂ ಅದು ತಟ್ಟುತ್ತದಾ?

ತಟ್ಟುತ್ತದೆ. ಯೇಸುವಿನ ಕೊನೆಯ ದಿನಗಳ ಕಥೆಯನ್ನು ಹಾಡುಗಳಲ್ಲೇ ಹೇಳುವ ಈ ಚಿತ್ರವನ್ನು ನಾನು ತುಂಬಾ ಸಲ ನೋಡಿದ್ದೇನೆ, ಇವತ್ತಿಗೂ ಯೂದ ಸಾಯುವ ದೃಶ್ಯ ಬಂದರೆ ಎದೆ ಹಿಂಡಿದ ಹಾಗಾಗುತ್ತದೆ. ಕಾರ್ಲ್ ಆಂಡರ್ಸನ್ ಅವನನ್ನು ಒಬ್ಬ ಹೆದರಿದ ಗೆಳೆಯನಾಗಿ ಮಾಡಿದ್ದಾರೆ ಅನ್ನುವುದೇ ಇದಕ್ಕೆಲ್ಲ ಮೂಲ ಅಂತ ನನಗನ್ನಿಸುತ್ತದೆ. ಮೊದಲ ಹಾಡಿನಿಂದ ಕೊನೆಯ ಕೂಗಿನವರೆಗೆ ಆ ಹೆದರಿಕೆ ಒಂದೇ. ದ್ರೋಹ ಅದರೊಳಗಿಂದಲೇ ಹುಟ್ಟುತ್ತದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬ ಇಸ್ಕರಿಯೋತ ಯೂದ. ಯೇಸುವಿನ ಬದುಕನ್ನು ಹೇಳುವ ಬೈಬಲ್‌ನ ಪುಸ್ತಕಗಳಿಗೆ ಸುವಾರ್ತೆ ಅನ್ನುತ್ತಾರೆ; ಅದರಲ್ಲಿ ಮತ್ತಾಯನ ಸುವಾರ್ತೆಯ ಪ್ರಕಾರ ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ, ಮುತ್ತಿಟ್ಟು ಗುರುತು ತೋರಿಸಿದ, ಆಮೇಲೆ ತಡೆಯಲಾರದೆ ಹಣವನ್ನು ದೇವಾಲಯದಲ್ಲಿ ಎಸೆದು ನೇಣು ಹಾಕಿಕೊಂಡ. ಇನ್ನೊಂದು ಸುವಾರ್ತೆಯಲ್ಲಿ ಲೂಕ ಸೈತಾನನೇ ಅವನೊಳಗೆ ಹೊಕ್ಕ ಅನ್ನುತ್ತಾನೆ. ಯೋಹಾನನಂತೂ ಇನ್ನೂ ಕಠಿಣ. ಬೆಲೆಬಾಳುವ ಸುಗಂಧ ತೈಲವನ್ನು ಯೇಸುವಿನ ಪಾದಕ್ಕೆ ಹಚ್ಚಿದಾಗ ‘ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ’ ಅಂತ ಯೂದ ಕೇಳುತ್ತಾನೆ. ಅವನಿಗೆ ಬಡವರ ಚಿಂತೆ ಏನೂ ಇರಲಿಲ್ಲ, ಅವನು ಕಳ್ಳ, ಹಣದ ಚೀಲದಿಂದ ಕದಿಯುತ್ತಿದ್ದ ಅಂತ ಯೋಹಾನ ಅಲ್ಲೇ ಸೇರಿಸಿಬಿಡುತ್ತಾನೆ.

ಸಾಹಿತ್ಯ ಬರೆದ ಟಿಮ್ ರೈಸ್ ಮಾಡಿದ ದೊಡ್ಡ ಕೆಲಸ ಇಲ್ಲೇ ಇದೆ. ತೈಲದ ಪ್ರಶ್ನೆಯನ್ನು ಉಳಿಸಿಕೊಂಡರು, ಕಳ್ಳ ಅನ್ನುವ ಮಾತನ್ನು ಬಿಟ್ಟರು. ಅಷ್ಟಕ್ಕೇ ಇಡೀ ಮನುಷ್ಯ ಬದಲಾಗಿಬಿಟ್ಟ! ಈಗ ಅವನು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಹಸಿದವರಿದ್ದಾರೆ, ದುಡ್ಡು ಯಾಕೆ ಪೋಲು? ಆಂಡರ್ಸನ್ ಇದನ್ನು ಹಾಡುವಾಗ ಕುಹಕ ಒಂಚೂರೂ ಇಲ್ಲ. ನಿಜಕ್ಕೂ ನೊಂದುಕೊಂಡೇ ಕೇಳುತ್ತಾರೆ. ಯೇಸುವಿನ ಹಿಂಬಾಲಕಿ ಮಗ್ದಲದ ಮರಿಯಳ ಮೇಲೆ ಸಿಡುಕುವಾಗ ಮಾತ್ರ ಒಂದು ಬಗೆಯ ಹೊಟ್ಟೆಕಿಚ್ಚು ಕಾಣುತ್ತದೆ, ತನ್ನ ಜಾಗವನ್ನು ಇನ್ಯಾರೋ ತೆಗೆದುಕೊಂಡರು ಅನ್ನುವ ಹಾಗೆ.

ಈ ಕೃತಿ ಮೊದಲು ಬಂದದ್ದು ಆಲ್ಬಮ್ ಆಗಿ, 1970ರಲ್ಲಿ. ಸಂಗೀತ ಆಂಡ್ರ್ಯೂ ಲಾಯ್ಡ್ ವೆಬರ್ ಅವರದು. ಅದರಲ್ಲಿ ಯೂದನ ಹಾಡುಗಳನ್ನು ಹಾಡಿದವರು ಮರ್ರೆ ಹೆಡ್, ಯೇಸುವಾಗಿ ಹಾಡಿದವರು ಡೀಪ್ ಪರ್ಪಲ್ ಅನ್ನುವ ರಾಕ್ ತಂಡದ ಇಯಾನ್ ಗಿಲನ್. ಮರುವರ್ಷ ನಾಟಕವಾಗಿ ನ್ಯೂಯಾರ್ಕ್‌ನ ರಂಗಭೂಮಿ ಬ್ರಾಡ್ವೇಗೆ ಬಂದಾಗ ಯೂದನ ಪಾತ್ರ ಬೆನ್ ವೆರೀನ್ ಅವರಿಗೆ ಹೋಯಿತು. ಆಂಡರ್ಸನ್ ಆಗ ವೆರೀನ್‌ಗೆ ಬದಲಿ ನಟ ಅಷ್ಟೇ. ವೆರೀನ್‌ಗೆ ಹುಷಾರಿಲ್ಲದಾಗ ವೇದಿಕೆ ಹತ್ತಿದರು. ಆಮೇಲೆ ನಿರ್ದೇಶಕ ನಾರ್ಮನ್ ಜ್ಯೂಯಿಸನ್ ಸಿನಿಮಾಗೆ ಆಂಡರ್ಸನ್ ಅವರನ್ನೇ ಆರಿಸಿದರು. ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ 1945ರಲ್ಲಿ ಹುಟ್ಟಿದ ಈ ಗಾಯಕನಿಗೆ 1972ರಲ್ಲಿ ಇಸ್ರೇಲ್‌ನಲ್ಲಿ ಚಿತ್ರೀಕರಣ ನಡೆದಾಗ ಬರೀ 27 ವರ್ಷ.

ಈಗ ಸಿನಿಮಾದ ಶುರುವಿಗೆ ಬನ್ನಿ. ಮರುಭೂಮಿಯಲ್ಲಿ ಒಂದು ಹಳೆ ಬಸ್ಸು ಧೂಳೆಬ್ಬಿಸುತ್ತಾ ಬಂದು ನಿಲ್ಲುತ್ತದೆ. ಕಲಾವಿದರ ದಂಡು ಇಳಿಯುತ್ತದೆ, ಸಾಮಾನು ಇಳಿಸುತ್ತಾರೆ, ನಗುತ್ತಾ ವೇಷ ಹಾಕಿಕೊಳ್ಳುತ್ತಾರೆ. ಯೇಸುವಿನ ಪಾತ್ರದ ಟೆಡ್ ನೀಲಿಗೆ ಬಿಳಿ ನಿಲುವಂಗಿ ತೊಡಿಸುತ್ತಾರೆ. ಇದೆಲ್ಲ ನಡೆಯುವಾಗ ಒಬ್ಬ ಮಾತ್ರ ಗುಂಪಿನಿಂದ ಸರಿದು ದೂರ ಹೋಗುತ್ತಾನೆ. ಮುಂದಿನ ಸಲ ಅವನನ್ನು ನೋಡುವುದು ಬಂಡೆಯ ಮೇಲೆ, ಒಬ್ಬನೇ. ಕೆಳಗೆ ದೂರದಲ್ಲಿ ಯೇಸುವೂ ಉಳಿದವರೂ ನಡೆದು ಹೋಗುತ್ತಿದ್ದಾರೆ. ಗಿಟಾರ್‌ನ ಒಂದು ಸಾಲು ಪದೇ ಪದೇ ಸುತ್ತುತ್ತದೆ, ಆಂಡರ್ಸನ್ ಕೆಳಗಿನ ದನಿಯಲ್ಲಿ ಹೆಚ್ಚುಕಡಿಮೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ ಶುರು ಮಾಡುತ್ತಾರೆ.

ಹಾಡಿನ ತಿರುಳು ಇಷ್ಟು. ನೀನು ಹೇಳಿದ ಮಾತಿಗಿಂತ ನೀನೇ ದೊಡ್ಡವನಾಗುತ್ತಿದ್ದೀಯ, ಜನ ನಿನ್ನನ್ನು ದೇವರು ಅನ್ನುತ್ತಿದ್ದಾರೆ, ನಾವು ರೋಮನ್ನರ ಕೈಕೆಳಗಿದ್ದೇವೆ ಅನ್ನುವುದು ಮರೆತುಹೋಯಿತಾ, ಅತಿಯಾದರೆ ಎಲ್ಲರನ್ನೂ ಹೊಸಕಿಹಾಕುತ್ತಾರೆ. ಇದು ರಾಜಕೀಯ ಎಚ್ಚರಿಕೆ, ಸರಿ. ಆದರೆ ‘ಕೇಳಿಸಿಕೋ’ ಅಂತ ಯೇಸುವನ್ನು ಕರೆಯುವ ಜಾಗಗಳಲ್ಲಿ ಆಂಡರ್ಸನ್ ದನಿ ಮೇಲೇರಿ ಒಡೆಯುತ್ತದಲ್ಲ, ಅಲ್ಲಿ ರಾಜಕೀಯ ಎಲ್ಲಾ ಕರಗಿಹೋಗುತ್ತದೆ. ಕೈ ಚಾಚಿ ಕೂಗುತ್ತಿದ್ದಾರೆ, ಅಷ್ಟು ದೂರದಲ್ಲಿರುವವನಿಗೆ ಅದು ಕೇಳುವುದಿಲ್ಲ ಅಂತ ನಮಗೆ ಕಾಣುತ್ತಲೇ ಇದೆ. ಮುಂದೆ ಆಗುವ ಅನಾಹುತವೆಲ್ಲ ಈ ಮೊದಲ ಹಾಡಿನಲ್ಲೇ ಇದೆ.

ಒಂದು ವಿಷಯ ಗಮನಿಸಿ. ನಮ್ಮ ಸಿನಿಮಾಗಳ ಹಾಗೇ ಇಲ್ಲೂ ಹಾಡುಗಳನ್ನು ಮೊದಲೇ ರೆಕಾರ್ಡ್ ಮಾಡಿ ಶೂಟಿಂಗ್‌ನಲ್ಲಿ ತುಟಿ ಸೇರಿಸಿದ್ದಾರೆ. ವ್ಯತ್ಯಾಸ ಅಂದರೆ ಹಾಡಿದವರೂ ನಟಿಸಿದವರೂ ಒಬ್ಬರೇ. ಎಷ್ಟೋ ನಟರು ತುಟಿ ಸೇರಿಸುವಾಗ ಬಾಯಿ ಮಾತ್ರ ಹಾಡುತ್ತಿರುತ್ತದೆ, ಮೈ ಸುಮ್ನೆ ಇರುತ್ತದೆ. ಆಂಡರ್ಸನ್ ಹಾಗಲ್ಲ. ಮೇಲಿನ ಸ್ವರಕ್ಕೆ ಹೋಗುವ ಮೊದಲು ಅವರ ಭುಜ ಏರುತ್ತದೆ, ಕತ್ತಿನ ನರ ಬಿಗಿಯುತ್ತದೆ. ಆ ಬಿಸಿಲಲ್ಲಿ ನಿಂತು ನಿಜವಾಗಿಯೇ ಗಂಟಲು ಬಿಟ್ಟು ಹಾಡುತ್ತಿದ್ದಾರೆ ಅಂತಲೇ ಅನ್ನಿಸುತ್ತದೆ.

ಮರ್ರೆ ಹೆಡ್ ಅವರ ಯೂದನೂ ನನಗೆ ಇಷ್ಟ. ಅದು ರಾಕ್ ಗಾಯಕನ ಯೂದ, ಹರಿತ, ಸಿಟ್ಟಿನವನು, ಬುದ್ಧಿವಂತ. ಆಂಡರ್ಸನ್ ದನಿಯಲ್ಲಿ ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಇದೆ, ಚರ್ಚಿನ ಗಾಸ್ಪೆಲ್ ಹಾಡಿಕೆಯ ಛಾಯೆ ಇದೆ. ಆ ಹಾಡಿಕೆಯಲ್ಲಿ ಕೂಗು ಅಂದರೆ ಮೊರೆ. ದೇವರ ಮುಂದೆ ಮೊರೆಯಿಡುವ ದನಿಯಲ್ಲೇ ಒಬ್ಬ ‘ನೀನು ದೇವರಲ್ಲ’ ಅಂತ ವಾದ ಮಾಡುತ್ತಾನೆ! ಇದನ್ನು ಕೇಳಿಯೇ ತಿಳಿಯಬೇಕು.

ಕಪ್ಪು ನಟನಿಗೇ ಯೂದನ ಪಾತ್ರ ಯಾಕೆ ಕೊಟ್ಟಿರಿ ಅನ್ನುವ ಟೀಕೆ ಆಗಲೇ ಬಂದಿತ್ತು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಿನಿಮಾ ನೋಡಿದ ಮೇಲೆ ನನಗನ್ನಿಸುವುದು, ಇಡೀ ಚಿತ್ರದಲ್ಲಿ ನಾವು ಯಾರ ಕಣ್ಣಿನಿಂದ ನೋಡುತ್ತೇವೋ ಅವನೇ ಈ ಯೂದ. ‘ನಾವು ಆಳಿಸಿಕೊಳ್ಳುವ ಜನ, ಹುಷಾರಾಗಿರಬೇಕು’ ಅನ್ನುವ ಮಾತು 1970ರ ದಶಕದ ಅಮೆರಿಕದಲ್ಲಿ ಒಬ್ಬ ಕಪ್ಪು ಗಾಯಕನ ಬಾಯಲ್ಲಿ ಬಂದಾಗ ಅದರ ತೂಕವೇ ಬೇರೆ. ಯೆಹೂದಿ ಸಂಘಟನೆಗಳು ಎತ್ತಿದ ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಕಪ್ಪು ಬಟ್ಟೆ ತೊಟ್ಟು ಕಬ್ಬಿಣದ ಅಟ್ಟಣಿಗೆಯ ಮೇಲೆ ನಿಂತ ಯೆಹೂದಿ ಯಾಜಕರನ್ನು ಚಿತ್ರ ಬರೀ ಕೇಡಿಗರನ್ನಾಗಿ ತೋರಿಸುತ್ತದೆ. ಯೂದನಿಗೆ ಸಿಕ್ಕ ನ್ಯಾಯದ ಕಾಲುಭಾಗವೂ ಅವರಿಗೆ ಸಿಕ್ಕಿಲ್ಲ.

ಆ ಯಾಜಕರ ಹತ್ತಿರ ಯೂದ ಹೋಗುವ ಭಾಗ ನೋಡಿ. ಅವನು ಮರುಭೂಮಿಯಲ್ಲಿ ಒಬ್ಬನೇ ಇದ್ದಾನೆ, ಹಿಂದಿನಿಂದ ಯುದ್ಧದ ಟ್ಯಾಂಕುಗಳು ಬರುತ್ತವೆ, ಅವನು ಓಡುತ್ತಾನೆ. ಆಮೇಲೆ ತಲೆಯ ಮೇಲೆ ಜೆಟ್ ವಿಮಾನಗಳು ಹಾರುತ್ತವೆ. ಎರಡು ಸಾವಿರ ವರ್ಷದ ಹಿಂದಿನ ಕಥೆಯಲ್ಲಿ ಟ್ಯಾಂಕಾ ಅಂತ ಕೆಲವರು ನಗುತ್ತಾರೆ. ನನಗೆ ಅದು ಬೇಕೇ ಬೇಕು. ಒಳಗಿನ ಹೆದರಿಕೆ ಹೊರಗೆ ಬಂದು ಅಟ್ಟಿಸಿಕೊಂಡು ಬರುತ್ತಿದೆ, ಅದನ್ನು ಬೇರೆ ಹೇಗೆ ತೋರಿಸುವುದು? ಯಾಜಕರ ಮುಂದೆ ನಿಂತಾಗ ಅವನು ಒಂದೇ ಸಮನೆ ಬಡಬಡಿಸುತ್ತಾನೆ. ನಾನಾಗಿ ಬಂದವನಲ್ಲ, ನನಗೇನೂ ಲಾಭವಿಲ್ಲ, ನನ್ನನ್ನು ಶಾಶ್ವತವಾಗಿ ಶಪಿಸಬೇಡಿ. ಯಾರೂ ಇನ್ನೂ ಶಪಿಸಿಯೇ ಇಲ್ಲ, ಅಲ್ವಾ? ತಾನು ಏನು ಮಾಡಲು ಬಂದಿದ್ದೇನೆ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಹಣ ಕೊಡಲು ಬಂದಾಗ ಬೇಡ ಅನ್ನುತ್ತಾನೆ. ಮಹಾಯಾಜಕ ಕಾಯಫನ ಪಾತ್ರದ ಬಾಬ್ ಬಿಂಗಮ್ ಅವರದು ಪಾತಾಳದಿಂದ ಬರುವ ದನಿ, ಜೊತೆಯ ಯಾಜಕ ಅನ್ನಾಸನ ಪಾತ್ರದ ಕರ್ಟ್ ಯಾಗ್ಜಿಯನ್ ಅವರದು ಚೂಪಾದ ಮೇಲಿನ ದನಿ. ಎರಡೂ ಸೇರಿ ಅವನನ್ನು ಸುತ್ತುತ್ತವೆ. ದಾನ ಮಾಡು, ಬಡವರಿಗೆ ಕೊಡು ಅನ್ನುತ್ತಾರೆ. ತೈಲದ ವಿಷಯದಲ್ಲಿ ಅವನೇ ಆಡಿದ ಮಾತು! ಅದನ್ನೇ ಅವನ ಕೊರಳಿಗೆ ಕಟ್ಟುತ್ತಾರೆ. ಆಗ ಅಷ್ಟು ಹೊತ್ತು ಅಬ್ಬರಿಸಿದ ಆಂಡರ್ಸನ್ ದನಿ ತಟ್ಟನೆ ಕುಸಿಯುತ್ತದೆ. ಗುರುವಾರ ರಾತ್ರಿ, ಜನಜಂಗುಳಿ ಇಲ್ಲದ ಕಡೆ, ಗೆತ್ಸೆಮನೆ ತೋಟದಲ್ಲಿ ಸಿಗುತ್ತಾನೆ ಅಂತ ಸಣ್ಣ ದನಿಯಲ್ಲಿ ಹೇಳಿ ಮುಗಿಸುತ್ತಾರೆ. ಇಡೀ ಪಾತ್ರದಲ್ಲಿ ಅತಿ ಕಡಿಮೆ ದನಿ ಇರುವುದು ದ್ರೋಹದ ಸಾಲಿಗೇ. ಅದಾದ ಮೇಲೆ ಮೇಳ ಎಲ್ಲೋ ಮರೆಯಲ್ಲಿ ನಿಂತು ‘ಭೇಷ್ ಯೂದ’ ಅಂತ ಮೆಲ್ಲಗೆ ಹಾಡುತ್ತದೆ. ಮೈ ಜುಮ್ಮೆನ್ನುತ್ತದೆ.

ಕೊನೆಯ ಊಟದ ಜಗಳ ನನ್ನ ಮಟ್ಟಿಗೆ ಇಡೀ ಸಿನಿಮಾದ ನಡುಗಂಬ. ಟೆಡ್ ನೀಲಿಯೂ ಇಲ್ಲಿ ಏನೂ ಕಡಿಮೆ ಇಲ್ಲ. ಇಬ್ಬರೂ ಒಬ್ಬರ ಮುಖಕ್ಕೆ ಒಬ್ಬರು ಕೂಗಾಡುತ್ತಾರೆ. ಹೋಗು, ಅವರು ಕಾಯುತ್ತಿದ್ದಾರೆ ಅಂತ ಯೇಸು ಅಟ್ಟುತ್ತಾನೆ. ನಾನು ಹೋಗಬೇಕು ಅಂತಲೇ ನಿನ್ನ ಆಸೆ ತಾನೆ, ಹೋಗದೆ ಇಲ್ಲೇ ಉಳಿದರೆ ನಿನ್ನ ಯೋಜನೆ ಏನಾಗುತ್ತದೆ ಅಂತ ಯೂದ ತಿರುಗಿ ಕೇಳುತ್ತಾನೆ. ಮಧ್ಯದಲ್ಲಿ ಶಿಷ್ಯರು ಕುಡಿದ ಮಂಪರಿನಲ್ಲಿ ಸಿಹಿಯಾಗಿ ಹಾಡಿಕೊಂಡಿರುತ್ತಾರೆ, ಅವರಿಗೆ ಏನೂ ಅರ್ಥವಾಗಿಲ್ಲ. ಆ ಗುಂಪಿನಲ್ಲಿ ನಿಜವಾಗಿ ಎಚ್ಚರ ಇರುವವರು ಇಬ್ಬರೇ, ಆ ಇಬ್ಬರೂ ಒಬ್ಬರನ್ನೊಬ್ಬರು ಕಳೆದುಕೊಳ್ಳುತ್ತಿದ್ದಾರೆ. ಆಂಡರ್ಸನ್ ಮುಖದಲ್ಲಿ ಸಿಟ್ಟಿನ ಹಿಂದೆಯೇ ಇನ್ನೊಂದು ಕಾಣುತ್ತದೆ, ‘ತಡೆಯಬಾರದಾ ನನ್ನನ್ನು’ ಅನ್ನುವ ಬೇಡಿಕೆ. ಯೇಸು ತಡೆಯುವುದಿಲ್ಲ.

ಇನ್ನು ಸಾವಿನ ದೃಶ್ಯ. ಯೇಸುವಿಗೆ ಹೊಡೆದದ್ದನ್ನು ಕಂಡು ಬಂದಿದ್ದಾನೆ. ನೀನು ದೇಶ ಉಳಿಸಿದೆ ಅಂತ ಯಾಜಕರು ಸಮಾಧಾನ ಹೇಳುತ್ತಾರೆ, ಅವನು ಓಡಿಹೋಗುತ್ತಾನೆ. ಆಗ ವೆಬರ್ ಒಂದು ಕೆಲಸ ಮಾಡುತ್ತಾರೆ, ಸಂಗೀತ ಗೊತ್ತಿಲ್ಲದವರಿಗೂ ಅದು ನಾಟುತ್ತದೆ. ಮೊದಲು ಮರಿಯ (ಇವೋನ್ ಎಲಿಮನ್) ಒಂದು ಮೃದುವಾದ ಹಾಡು ಹಾಡಿರುತ್ತಾಳೆ, ಇವನನ್ನು ಹೇಗೆ ಪ್ರೀತಿಸಬೇಕೋ ತಿಳಿಯುತ್ತಿಲ್ಲ ಅಂತ. ಅದೇ ರಾಗ, ಅದೇ ಮಾತು ಈಗ ಯೂದನ ಬಾಯಲ್ಲಿ ಬರುತ್ತದೆ. ಅವಳ ಮೇಲೆ ಅವನು ಸಿಡುಕಿದ್ದು ಯಾಕೆ ಅಂತ ಆಗ ತಿಳಿಯುತ್ತದೆ. ಆಂಡರ್ಸನ್ ಅದನ್ನು ಚೆಂದವಾಗಿ ಹಾಡಲು ಹೋಗುವುದೇ ಇಲ್ಲ. ಉಸಿರು ಸಾಲದೆ ತುಂಡು ತುಂಡಾಗಿ ಬರುತ್ತದೆ. ಅಲ್ಲಿಂದ ಒಮ್ಮೆಲೇ ದೇವರ ಕಡೆ ತಿರುಗಿ, ಈ ಪಾಪಕ್ಕೆ ನನ್ನನ್ನೇ ಯಾಕೆ ಆರಿಸಿದೆ, ನೀನೇ ನನ್ನನ್ನು ಕೊಂದೆ ಅಂತ ಅರಚುತ್ತಾರೆ. ಬಯಲಲ್ಲಿ ಒಂಟಿ ಮರ, ಹಗ್ಗ. ಪಾತ್ರಕ್ಕೆ ಕ್ಷಮೆ ಕೇಳುವ ನಾಟಕೀಯತೆ ಇಲ್ಲ, ಕಣ್ಣೀರಿನ ಕ್ಲೋಸಪ್‌ಗಾಗಿ ಕಾಯುವುದಿಲ್ಲ. ಸಿಕ್ಕಿಬಿದ್ದವನ ಕೂಗು ಅದು.

ಸತ್ತ ಮೇಲೂ ಅವನು ಬರುತ್ತಾನೆ. ಬಿಳಿ ಜಾಲರಿಯ ಉಡುಪಿನಲ್ಲಿ, ಕೈ ಅಗಲಿಸಿ ಆಕಾಶದಿಂದ ಇಳಿದು, ನರ್ತಕಿಯರ ನಡುವೆ ಕುಣಿಯುತ್ತಾ ಕೇಳುತ್ತಾನೆ: ಆ ಹಿಂದುಳಿದ ಕಾಲವನ್ನೇ ಯಾಕೆ ಆರಿಸಿಕೊಂಡೆ, ಬುದ್ಧ ಎಲ್ಲಿದ್ದಾನೆ, ನಿನ್ನ ಸಾವು ನೀನೇ ಬಯಸಿದ್ದಾ? ಇಲ್ಲಿ ಆಂಡರ್ಸನ್ ನಗುತ್ತಾರೆ, ಇಡೀ ಚಿತ್ರದಲ್ಲಿ ಅವರ ಮೈ ಹಗುರಾಗಿರುವುದು ಇದೊಂದೇ ಜಾಗದಲ್ಲಿ. ಹೆದರಿಕೆ ಹೋಗಿದೆ, ಪ್ರಶ್ನೆ ಉಳಿದಿದೆ.

ಈ ಪಾತ್ರಕ್ಕೆ ಅವರಿಗೆ ಗೋಲ್ಡನ್ ಗ್ಲೋಬ್ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಬರಲಿಲ್ಲ. ಆಮೇಲೆ ದೊಡ್ಡ ಸಿನಿಮಾ ಪಾತ್ರಗಳೂ ಅಷ್ಟಾಗಿ ಬರಲಿಲ್ಲ, ಇದು ನನಗೆ ತುಂಬಾ ಬೇಸರದ ವಿಷಯ. ಗಾಯಕಿ ಗ್ಲೋರಿಯಾ ಲೋರಿಂಗ್ ಜೊತೆ ಹಾಡಿದ ಒಂದು ಯುಗಳಗೀತೆ 1986ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. 1990ರ ದಶಕದಲ್ಲಿ ಟೆಡ್ ನೀಲಿಯ ಜೊತೆ ಮತ್ತೆ ಇದೇ ಯೂದನಾಗಿ ವೇದಿಕೆ ಹತ್ತಿ ಊರೂರು ತಿರುಗಿದರು. 2004ರ ಫೆಬ್ರವರಿಯಲ್ಲಿ, 59 ತುಂಬಲು ಕೆಲವೇ ದಿನ ಇರುವಾಗ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು.

ನೋಡುವುದಾದರೆ ಒಂದು ಸಲಹೆ. ಚಿತ್ರದಲ್ಲಿ ಮಾತು ಅನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಎಲ್ಲಾ ಹಾಡೇ, ಹಾಗಾಗಿ ಸಬ್‌ಟೈಟಲ್ ಹಾಕಿಕೊಳ್ಳಿ. ಮೊದಲ ಸಲ ಕಥೆ ನೋಡಿ. ಎರಡನೇ ಸಲ ನೋಡುವಾಗ ಆಂಡರ್ಸನ್ ಹಾಡದೇ ಇರುವ ಕಡೆಗಳಲ್ಲಿ ಅವರನ್ನೇ ನೋಡುತ್ತಿರಿ, ಬೇರೆಯವರು ಹಾಡುವಾಗ ಇವರ ಕಣ್ಣು ಯೇಸುವನ್ನು ಬಿಟ್ಟು ಎಷ್ಟು ಕಡಿಮೆ ಸಲ ಆಚೆ ಹೋಗುತ್ತದೆ ಅಂತ. ಆಮೇಲೆ 1970ರ ಆಲ್ಬಮ್‌ನಲ್ಲಿ ಮರ್ರೆ ಹೆಡ್ ಹಾಡಿದ ಮೊದಲ ಹಾಡನ್ನೂ ಕೇಳಿ, ನಿಮಗೆ ಯಾವ ಯೂದ ಹಿಡಿಸಿದ ಅಂತ ಕಾಮೆಂಟ್‌ನಲ್ಲಿ ಬರೆಯಿರಿ.