ನರ ತಡೆಯುವ ಪ್ರೋಟೀನು ರಕ್ತನಾಳವನ್ನೂ ತಡೆಯುವುದೇಕೆ? (ಸಂಪಾದಕರ ಉತ್ತರ)

ಹಾಸನದ ಓದುಗರೊಬ್ಬರ ಪತ್ರದ ಸಾರ ಇಷ್ಟು: ‘ನೊಗೊ-ಎ ಎಂಬ ಪ್ರೋಟೀನು ಮಿದುಳಿನ ನರತಂತುಗಳನ್ನು ಬೆಳೆಯಗೊಡುವುದಿಲ್ಲ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ಅದನ್ನು ಕಟ್ಟಿಹಾಕಿದರೆ ಪಾರ್ಶ್ವವಾಯುವಿನ ನಂತರ ಹೊಸ ರಕ್ತನಾಳಗಳೂ ಬೆಳೆಯುತ್ತವಂತೆ. ನರಕ್ಕೂ ರಕ್ತನಾಳಕ್ಕೂ ಏನು ನಂಟು? ನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನೇ ನೇರವಾಗಿ ಕೊಡಬಾರದೇ? ತಂದೆಯವರಿಗೆ ಲಕ್ವ ಹೊಡೆದು ಎಂಟು ತಿಂಗಳಾಯಿತು. ಅವರಿಗೆ ಈ ಔಷಧ ಸಿಗುತ್ತದೆಯೇ?’

ಮಾನ್ಯರೇ,

ವಿಇಜಿಎಫ್ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. ಅದನ್ನು ಇಲಿಗಳ ಮೇಲೆ ಪರೀಕ್ಷಿಸಿ 2000ರಲ್ಲೇ ವರದಿ ಮಾಡಿದ್ದಾರೆ. ಮಿದುಳಿನ ನಾಳ ಕಟ್ಟಿಕೊಂಡ 1 ಗಂಟೆಗೆ ಕೊಟ್ಟಾಗ ನಾಳಗಳ ಸೋರಿಕೆ ಹೆಚ್ಚಿತು, ಪೆಟ್ಟು ಬಿದ್ದ ಜಾಗದಲ್ಲಿ ರಕ್ತವೂ ಸುರಿಯಿತು. ಅದೇ ವಸ್ತುವನ್ನು 48 ಗಂಟೆ ತಡೆದು ಕೊಟ್ಟಾಗ ಪೆಟ್ಟಿನ ಅಂಚಿನಲ್ಲಿ ಹೊಸ ಲೋಮನಾಳಗಳು ಬೆಳೆದವು, ಇಲಿಗಳೂ ಚೇತರಿಸಿಕೊಂಡವು. ಕಾರಣ ಸರಳ. ನಾಳ ಕವಲೊಡೆಯಬೇಕಾದರೆ ಅದರ ಒಳಪದರದ ಕೋಶಗಳ ನಡುವಿನ ಬೆಸುಗೆ ಮೊದಲು ಸಡಿಲಾಗಬೇಕು. ವಿಇಜಿಎಫ್ ಆ ಕೆಲಸ ಮಾಡುತ್ತದೆ. ಮಿದುಳಿನ ನಾಳಗಳಲ್ಲಿ ಕ್ಲಾಡಿನ್-5ರಂಥ ಪ್ರೋಟೀನುಗಳ ಆ ಬೆಸುಗೆಯೇ ರಕ್ತ-ಮಿದುಳು ತಡೆ, ಅಂದರೆ ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ಕಾಯುವ ಗೋಡೆ. ಮಿದುಳು ಊದಿಕೊಳ್ಳುತ್ತಿರುವ ಹೊತ್ತಿನಲ್ಲೇ ಅದನ್ನು ಬಿಚ್ಚುವುದು ಅಪಾಯ. ಹೊಸ ನಾಳಕ್ಕೂ ಹೊರಗಿನಿಂದ ಪೆರಿಸೈಟ್ ಕೋಶಗಳು ಬಂದು ಅಪ್ಪಿಕೊಳ್ಳುವವರೆಗೆ ಗಟ್ಟಿತನವಿರುವುದಿಲ್ಲ. ಹಾಗಾಗಿ ನಾಳ ಎಷ್ಟು ಬೆಳೆಯಿತು ಎಂಬ ಲೆಕ್ಕವೊಂದೇ ಸಾಲದು, ಅದು ಸೋರದೆ ನಿಂತಿತೇ ಎಂದೂ ನೋಡಬೇಕು.

ಇನ್ನು ನಂಟಿನ ವಿಷಯ. ಬೆಳೆಯುತ್ತಿರುವ ನರತಂತುವಿನ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆರಳುಗಳಂಥ ಎಳೆಗಳು ಚಾಚುತ್ತ, ಹಿಂದೆಗೆಯುತ್ತ ದಾರಿ ತಡಕುವುದು ಕಾಣುತ್ತದೆ. ಸ್ಪೇನಿನ ನರವಿಜ್ಞಾನಿ ಕಹಾಲ್ 1890ರ ಸುಮಾರಿಗೇ ಇದನ್ನು ವರ್ಣಿಸಿದ್ದರು. ರಕ್ತನಾಳದ ಕವಲಿನ ಮುಂದೆಯೂ ಇಂಥದೇ ಎಳೆಗಳುಳ್ಳ ಒಂದು ‘ತುದಿಕೋಶ’ ಇರುತ್ತದೆ. ಅದು ದಾರಿ ಹುಡುಕುತ್ತದೆ, ಹಿಂದಿನ ಕೋಶಗಳು ವಿಭಜನೆಗೊಂಡು ಕೊಳವೆ ಕಟ್ಟುತ್ತವೆ. ಎರಡೂ ತುದಿಗಳ ಮೇಲೆ ಹೊರಗಿನ ಸಂಕೇತಗಳನ್ನು ಹಿಡಿಯುವ ಗ್ರಾಹಕಗಳಲ್ಲಿ ಹಲವು ಒಂದೇ ಜಾತಿಯವು. ಉದಾಹರಣೆಗೆ ನ್ಯೂರೋಪಿಲಿನ್-1: ನರವನ್ನು ಹಿಮ್ಮೆಟ್ಟಿಸುವ ಸೆಮಾಫೋರಿನ್-3ಎ ಕೂಡುವುದೂ ಅದಕ್ಕೆ, ವಿಇಜಿಎಫ್ ಕೂಡುವುದೂ ಅದಕ್ಕೇ. ದಾರಿ ತೋರುವ ಇನ್ನೊಂದು ಪ್ರೋಟೀನಾದ ನೆಟ್ರಿನ್-1ರದ್ದು ಇನ್ನೂ ಗೋಜಲು. ಡಿಸಿಸಿ ಗ್ರಾಹಕವಿದ್ದರೆ ನರತಂತುವನ್ನು ಸೆಳೆಯುತ್ತದೆ, ಅನ್‌ಸಿ5 ಇದ್ದರೆ ದೂರ ತಳ್ಳುತ್ತದೆ. ರಕ್ತನಾಳವನ್ನು ಅದು ತಳ್ಳುತ್ತದೆ ಎಂದು 2004ರಲ್ಲಿ ಒಂದು ತಂಡ, ಸೆಳೆಯುತ್ತದೆ ಎಂದು ಅದೇ ವರ್ಷ ಇನ್ನೊಂದು ತಂಡ ಪ್ರಕಟಿಸಿದವು. ನೆಟ್ರಿನ್ ‘ನಾಳ ಬೆಳೆಸುತ್ತದೆ’ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಂಬಬೇಡಿ.

ನೊಗೊ-ಎ ಕಥೆ ಇದಕ್ಕಿಂತ ಚೊಕ್ಕಟ. ನರಗಳ ಹೊದಿಕೆಯಾದ ಮಯಲಿನ್‌ನಲ್ಲಿ ಬೆಳವಣಿಗೆ ತಡೆಯುವ ಅಂಶವಿದೆ ಎಂದು ಜೂರಿಕ್‌ನ ಮಾರ್ಟಿನ್ ಶ್ವಾಬ್ ಗುಂಪು 1988ರಲ್ಲಿ ತೋರಿಸಿತು. ಅದರ ಜೀನ್ ಪತ್ತೆಯಾದದ್ದು 2000ದಲ್ಲಿ. ನೊಗೊ-ಎಯ ಡೆಲ್ಟಾ-20 ಎಂಬ ಭಾಗ ಎಸ್1ಪಿಆರ್2 ಗ್ರಾಹಕಕ್ಕೆ ತಗುಲಿದರೆ ಒಳಗೆ ರೋ-ಎ ಎಂಬ ಸ್ವಿಚ್ ಹೊತ್ತಿಕೊಳ್ಳುತ್ತದೆ, ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳು ಕುಸಿದು ಚಾಚಿದ ಬೆರಳುಗಳು ಮುದುರುತ್ತವೆ. ನರದ ತುದಿಗೂ ಇದೇ ಗತಿ, ನಾಳದ ತುದಿಗೂ ಇದೇ ಗತಿ. ನೊಗೊ-ಎ ಮಿದುಳಿನ ನಾಳಗಳ ಬೆಳವಣಿಗೆಗೂ ಕಡಿವಾಣ ಎಂದು 2013ರಲ್ಲಿ ಗೊತ್ತಾಯಿತು. ನೀವು ಓದಿರುವುದು ಬಹುಶಃ 2019ರ ಇಲಿ ಪ್ರಯೋಗದ ಬಗ್ಗೆ. ನೊಗೊ-ಎ ಅಥವಾ ಎಸ್1ಪಿಆರ್2 ಇಲ್ಲದ ಇಲಿಗಳಲ್ಲಿ ಪೆಟ್ಟಿನ ಅಂಚಿನ ನಾಳಗಳು ಚೆನ್ನಾಗಿ ಕವಲೊಡೆದವು, ಅಂಗಚಲನೆಯ ಕೊರತೆಯೂ ತಗ್ಗಿತು. ನೊಗೊ-ಎಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುವ ಪ್ರತಿಕಾಯ (ಆಂಟಿಬಾಡಿ) ಕೊಟ್ಟಾಗಲೂ ಹಾಗೆಯೇ ಆಯಿತು.

ಆದರೆ ಇದು ಮಾತ್ರೆಯಾಗಿ ಬರುವ ಔಷಧವಲ್ಲ. ಪ್ರತಿಕಾಯವೂ ಪ್ರೋಟೀನೇ, ನುಂಗಿದರೆ ಹೊಟ್ಟೆಯಲ್ಲಿ ಅರಗಿಹೋಗುತ್ತದೆ. ರಕ್ತಕ್ಕೆ ಚುಚ್ಚಿದರೂ ಗಾತ್ರ ದೊಡ್ಡದಾದ್ದರಿಂದ ಮಿದುಳಿಗೆ ಅಷ್ಟಾಗಿ ದಾಟದು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಸೂಜಿ ಹಾಕಬೇಕು. ಕತ್ತಿನ ಬೆನ್ನುಹುರಿಗೆ ಹೊಸದಾಗಿ ಪೆಟ್ಟಾದವರಿಗೆ ಯುರೋಪಿನಲ್ಲಿ 4 ವಾರಗಳಲ್ಲಿ 6 ಬಾರಿ ಹೀಗೆ ಕೊಟ್ಟು ನೋಡಿದ್ದಾರೆ. ಒಟ್ಟಾರೆ ಗುಂಪಿನಲ್ಲಿ ತೋಳು-ಕೈಗಳ ಬಲದ ಅಂಕ ಹುಸಿಮದ್ದು ಪಡೆದವರಿಗಿಂತ ಗಣನೀಯವಾಗಿ ಏರಲಿಲ್ಲ. ಪೆಟ್ಟಿನ ನಂತರವೂ ಸ್ವಲ್ಪ ಚಲನೆ ಉಳಿದಿದ್ದವರಲ್ಲಿ ಒಂದಿಷ್ಟು ಆಸೆ ಕಂಡಿದೆ. ಪಾರ್ಶ್ವವಾಯುವಿಗೆ ಇದು ಅಂಗಡಿಗೆ ಬಂದ ಔಷಧವಲ್ಲ. ಇಂಥದ್ದನ್ನು ಈಗಲೇ ಹಣ ಪಡೆದು ಕೊಡುತ್ತೇವೆ ಎನ್ನುವ ಕಡೆಗೆ ತಂದೆಯವರನ್ನು ಕರೆದೊಯ್ಯಬೇಡಿ.

ವ್ಯಾಯಾಮದ ವಿಷಯದಲ್ಲೂ ಹೊತ್ತು ಮುಖ್ಯ ಎಂದು 2014ರ ಇಲಿ ಪ್ರಯೋಗವೊಂದು ತೋರಿಸಿತು. ಮೊದಲು ಪ್ರತಿಕಾಯ, ಅದು ಮುಗಿದ ಮೇಲೆ ಮುಂಗಾಲಿನ ತೀವ್ರ ತರಬೇತಿ ಕೊಟ್ಟ ಇಲಿಗಳು ಬಹುಮಟ್ಟಿಗೆ ಸರಿಹೋದವು. ಎರಡನ್ನೂ ಒಟ್ಟಿಗೆ ಕೊಟ್ಟವುಗಳ ತಂತುಗಳು ದಾರಿ ತಪ್ಪಿ ಬೆಳೆದವು, ಫಲಿತಾಂಶ ಕೆಟ್ಟಿತು. ಆದರೆ ಇದನ್ನು ಓದಿ ತಂದೆಯವರ ಫಿಸಿಯೋಥೆರಪಿ ನಿಲ್ಲಿಸಬೇಡಿ. ಅವರು ಪ್ರತಿಕಾಯ ತೆಗೆದುಕೊಂಡಿಲ್ಲ, ಆದ್ದರಿಂದ ಆ ಎಚ್ಚರಿಕೆ ಅವರಿಗೆ ಅನ್ವಯಿಸುವುದಿಲ್ಲ. ಎಂಟು ತಿಂಗಳಾದ ಮೇಲೂ ಕೈಯ ಕೆಲಸವನ್ನು ಪದೇಪದೇ ಮಾಡಿಸುವುದರಿಂದ ಪ್ರಯೋಜನವಿದೆ: ಲೋಟ ಎತ್ತುವುದು, ಗುಂಡಿ ಹಾಕುವುದು, ಚಪಾತಿ ಮುರಿಯುವುದು. ರಕ್ತದೊತ್ತಡದ ಮಾತ್ರೆಯನ್ನೂ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಬಿಡಬಾರದು. ಮುಖ ವಾಲಿದರೆ, ತೋಳು ಜೋತುಬಿದ್ದರೆ, ಮಾತು ತೊದಲಿದರೆ ‘ಹಳೆಯದೇ ಇರಬೇಕು’ ಎಂದು ಕಾಯದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಅದನ್ನು ಎಣಿಸುವುದು ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದನ್ನು ಕಂಡ ಹೊತ್ತಿನಿಂದ. ಆ ಹೊತ್ತನ್ನು ಬರೆದುಕೊಂಡು ಹೋಗಿ, ವೈದ್ಯರು ಅದನ್ನೇ ಮೊದಲು ಕೇಳುತ್ತಾರೆ.

– ಸಂಪಾದಕ