ಓದುಗರ ಪ್ರಶ್ನೆ: ಹಳೇ ವೈನಿಗೆ ಬೆಲೆ ಯಾಕೆ ಕಡಿಮೆ?

ಪ್ರಶ್ನೆ: ಮಗಳು ಫ್ರಾನ್ಸ್‌ನಿಂದ ಬರುವಾಗ ಬೋರ್ಡೋ ಸೀಮೆಯ ಎರಡು ಕೆಂಪು ವೈನ್ ಬಾಟಲಿ ತಂದಿದ್ದಾಳೆ. ಎರಡೂ ಒಂದೇ ತೋಟದ್ದು. ಒಂದರ ಮೇಲೆ 2013, ಇನ್ನೊಂದರ ಮೇಲೆ 2016 ಅಂತಿದೆ. 2013ರದ್ದಕ್ಕೇ ಬೆಲೆ ಕಡಿಮೆಯಂತೆ. ವೈನ್ ಹಳೆಯದಾದಷ್ಟೂ ಒಳ್ಳೆಯದು ಅಲ್ವಾ? ಅಂಗಡಿಯಲ್ಲಿ ಏನಾದರೂ ಮೋಸ ಆಯಿತಾ?
– ಓದುಗರೊಬ್ಬರು, ಮೈಸೂರು

ಉತ್ತರ: ಮೋಸ ಏನೂ ಆಗಿಲ್ಲ. ಬಾಟಲಿ ಮೇಲೆ ಹಾಕಿರುವುದು ದ್ರಾಕ್ಷಿ ಕೊಯ್ದ ವರ್ಷ. ವಿಂಟೇಜ್ ಅನ್ನುವುದು ಅದಕ್ಕೇ. ಆ ವರ್ಷ ತೋಟದಲ್ಲಿ ಮಳೆ, ಬಿಸಿಲು, ಚಳಿ ಹೇಗಿತ್ತು, ರೈತರು ಯಾವತ್ತು ಕೊಯ್ದರು ಅನ್ನುವುದರ ಮೇಲೆ ಬೆಲೆ ನಿಲ್ಲುತ್ತದೆ.

2013 ಬೋರ್ಡೋದಲ್ಲಿ ಕಷ್ಟದ ವರ್ಷ. ಹೂ ಬಿಡುವ ಹೊತ್ತಿಗೆ ಚಳಿ, ಜೊತೆಗೆ ಮಳೆ. ಹೂ ಉದುರಿತು, ಕಾಯಿ ಸರಿಯಾಗಿ ಕಟ್ಟಲಿಲ್ಲ. ಆಗಸ್ಟ್ ಮೊದಲಲ್ಲಿ ಕೆಲವು ಕಡೆ ಆಲಿಕಲ್ಲು ಬಿತ್ತು. ಕೊಯ್ಲಿನ ಸಮಯಕ್ಕೆ ಮತ್ತೆ ಮಳೆ ಹಿಡಿದು ಗೊಂಚಲು ಕೊಳೆಯತೊಡಗಿತು. 1991ರ ನಂತರ ಅಷ್ಟು ಕಡಿಮೆ ಬೆಳೆ ಬಂದಿರಲೇ ಇಲ್ಲ. ಇನ್ನಷ್ಟು ಮಾಗಲಿ ಅಂತ ಕಾದರೆ ಕೊಳೆ, ಕಾಯದೆ ಕೊಯ್ದರೆ ಹುಳಿ. ಇಂಥ ವರ್ಷದಲ್ಲಿ ವೈನರಿಯವರ ಕೆಲಸ ಜಾಸ್ತಿ. ಕೊಳೆತ ಹಣ್ಣನ್ನು ಮೇಜಿನ ಮೇಲೆ ಹರಡಿ ಆರಿಸಿ ತೆಗೆಯಬೇಕು. ಸಿಹಿ ಸಾಲದಿದ್ದರೆ ಕಾನೂನಿನ ಮಿತಿಯೊಳಗೆ ರಸಕ್ಕೆ ಸಕ್ಕರೆ ಸೇರಿಸುತ್ತಾರೆ. ಒಂದು ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆಗೆ ಹುದುಗು ಬಂದರೆ ಒಂದು ಪರ್ಸೆಂಟ್ ಆಲ್ಕೋಹಾಲ್ ಆಗುತ್ತದೆ. ಕೆಂಪು ವೈನಿನ ಬಣ್ಣ ಬರುವುದು ಸಿಪ್ಪೆಯಿಂದ, ಒಗರು ಬರುವುದು ಸಿಪ್ಪೆ ಮತ್ತು ಬೀಜದಿಂದ. ಅವು ಸರಿಯಾಗಿ ಮಾಗದಿದ್ದಾಗ ರಸದಲ್ಲಿ ತುಂಬ ದಿನ ನೆನೆಸಿದರೆ ನಾಲಿಗೆ ಹಿಡಿಯುವಂಥ ಒಗರೇ ಇಳಿಯುವುದು. ಅದಕ್ಕೇ ತಿಳಿದವರು ಆ ವರ್ಷ ಮೆತ್ತಗೆ ಕೆಲಸ ಮಾಡಿ ಹಗುರಾದ ವೈನ್ ಮಾಡಿದರು. ಅದು ಕುಡಿಯಲು ಚೆನ್ನಾಗಿರುತ್ತದೆ, ಬಹಳ ವರ್ಷ ಇಡುವಂಥದ್ದಲ್ಲ.

2016ರಲ್ಲಿ ಜೂನ್‌ವರೆಗೆ ಮಳೆ ಬಂದು ನೆಲ ಚೆನ್ನಾಗಿ ನೆನೆದಿತ್ತು. ಆಮೇಲೆ ಬೇಸಿಗೆ ಪೂರ್ತಿ ಒಣ. ಬಳ್ಳಿ ನೀರಿಲ್ಲದೆ ಸೊರಗುತ್ತಿದ್ದಾಗ ಸೆಪ್ಟೆಂಬರ್ 13ಕ್ಕೆ ಮಳೆ ಬಿತ್ತು, ನಂತರ ಹಗಲು ಬಿಸಿಲು, ರಾತ್ರಿ ತಂಪು. ಬಿಸಿಲಿಗೆ ಸಿಹಿ ಏರುತ್ತದೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತದೆ. ವೈನಿಗೆ ಬೇಕಾದದ್ದು ಇವೆರಡೂ.

ಹಾಗಂತ ಎಲ್ಲವೂ ಹವಾಮಾನದ ಕೈಯಲ್ಲೇ ಇಲ್ಲ. 1964ರ ಬೇಸಿಗೆ ಎಷ್ಟು ಚೆನ್ನಾಗಿತ್ತೆಂದರೆ, ಕೊಯ್ಲಿಗೆ ಮೊದಲೇ ಫ್ರಾನ್ಸಿನ ಕೃಷಿ ಮಂತ್ರಿ ಇದು ಶತಮಾನದ ಬೆಳೆ ಅಂದುಬಿಟ್ಟರು. ಅಕ್ಟೋಬರ್ 8ಕ್ಕೆ ಮಳೆ ಶುರುವಾಯಿತು, ಬಿಡಲೇ ಇಲ್ಲ. ಬೋರ್ಡೋದಲ್ಲೇ ಇರುವ ಪೊಮೆರೋಲ್ ಕಡೆ ಬೇಗ ಮಾಗುವ ಮೆರ್ಲೋ ದ್ರಾಕ್ಷಿ ಅಷ್ಟರಲ್ಲಿ ಒಳಗೆ ಸೇರಿತ್ತು. ಬೋರ್ಡೋದ ಇನ್ನೊಂದು ಊರು ಪೊಯಾಕ್‌ನಲ್ಲಿ ಶಾತೋ ಲಾತೂರ್ ತೋಟದವರೂ ಮಳೆಗೆ ಮುಂಚೆ ಕೊಯ್ಲು ಮುಗಿಸಿದ್ದರು. ತಡವಾಗಿ ಮಾಗುವ ಕ್ಯಾಬರ್ನೆ ದ್ರಾಕ್ಷಿ ಇನ್ನೂ ಸ್ವಲ್ಪ ಮಾಗಲಿ ಅಂತ ಕಾದ ಅಕ್ಕಪಕ್ಕದ ಹೆಸರಾಂತ ತೋಟಗಳಲ್ಲಿ ಹಣ್ಣು ನೀರು ಕುಡಿದು ವೈನ್ ತೆಳ್ಳಗಾಯಿತು. ಅದೇ ಊರು, ಅದೇ ಮಳೆ, ಬಾಟಲಿ ಮೇಲೆ ಅದೇ 1964. ಆದ್ದರಿಂದ ವರ್ಷ ನೋಡಿ, ಜೊತೆಗೆ ಯಾರ ತೋಟ ಅಂತಲೂ ನೋಡಿ.

ಪ್ರಶ್ನೆ: ನಮ್ಮ ಕಾಕಾ ಅವರದು ವೈನ್ ದ್ರಾಕ್ಷಿ ತೋಟ. ನಮ್ಮಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ. ಇಲ್ಲೂ ವರ್ಷದಿಂದ ವರ್ಷಕ್ಕೆ ವೈನ್ ಬೇರೆಯಾಗುತ್ತದಾ?
– ಓದುಗರೊಬ್ಬರು, ವಿಜಯಪುರ

ಉತ್ತರ: ಖಂಡಿತ ಆಗುತ್ತದೆ. ಬೋರ್ಡೋದಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದು ಮಲಗುವುದೇ ಇಲ್ಲ. ಅದಕ್ಕೇ ಕಾಕಾ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುವುದು: ಏಪ್ರಿಲ್ ಹೊತ್ತಿಗೆ ಕಡ್ಡಿ ಬೆಳೆಸಲು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಣ್ಣಿಗೆ. ಎರಡನೇ ಚಾಟ್ನಿಯ ದಿನವೇ ಸೀಸನ್ ಶುರು. ಅಂದರೆ ಸೀಸನ್ ಯಾವಾಗ ಶುರುವಾಗಬೇಕು ಅನ್ನುವುದು ಸ್ವಲ್ಪ ಮಟ್ಟಿಗೆ ಕಾಕಾ ಅವರ ಕತ್ತರಿಯಲ್ಲೇ ಇದೆ, ಫ್ರಾನ್ಸಿನ ರೈತನಿಗೆ ಆ ಅವಕಾಶ ಇಲ್ಲ. ಬೇಗ ಮಾಡಿದರೆ ಎಳೆ ಚಿಗುರು ಮಳೆಗೆ ಸಿಕ್ಕಿ ದಾವಣಿ ಅನ್ನುವ ಬೂಷ್ಟು ರೋಗ ಬರುತ್ತದೆ. ತಡ ಮಾಡಿದರೆ ಹಣ್ಣು ಮಾರ್ಚ್ ಬಿಸಿಲಿಗೆ ಸಿಕ್ಕಿ ಸಿಹಿ ಸರ್ರನೆ ಏರುತ್ತದೆ, ಹುಳಿ ಇಳಿದುಹೋಗುತ್ತದೆ. ಹುಳಿಯಿಲ್ಲದ ವೈನ್ ಸಪ್ಪೆ. ಆಗ ವೈನರಿಯವರು ಟಾರ್ಟಾರಿಕ್ ಆಮ್ಲ ಸೇರಿಸಬೇಕಾಗುತ್ತದೆ. ಯುರೋಪಿಗೆ ಬಿಸಿಗಾಳಿ ಬಡಿದ 2003ರಲ್ಲಿ ಬೋರ್ಡೋದವರಿಗೂ ಇದಕ್ಕೆ ವಿಶೇಷ ಅನುಮತಿ ಕೊಡಬೇಕಾಯಿತು.

ಹಣ್ಣಿನ ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಒಂದನ್ನೇ ನಂಬಬೇಡಿ ಅಂತ ಕಾಕಾ ಅವರಿಗೆ ಹೇಳಿ. ಒಂದು ಫೆಬ್ರುವರಿ ಬೆಳಗ್ಗೆ ದೊಡ್ಡಬಳ್ಳಾಪುರದ ಕಡೆ ತೋಟವೊಂದಕ್ಕೆ ಹೋಗಿದ್ದೆ. ಮೀಟರ್ 23 ತೋರಿಸುತ್ತಿತ್ತು, ಕೊಯ್ಯಬಹುದು ಅಂತ ನಾನಂದುಕೊಂಡೆ. ಮೇಸ್ತ್ರಿ ಸಾಲಿನ ಆ ಕಡೆ ಎರಡು, ಈ ಕಡೆ ಎರಡು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು. ಸಿಪ್ಪೆ ಸುಮಾರು ಹೊತ್ತು ಅಗಿದರು. ಬೀಜ ಅಂಗೈಗೆ ಉಗಿದು ಬೆಳಕಿಗೆ ಹಿಡಿದರು. ತುದಿ ಇನ್ನೂ ಹಸಿರಾಗಿತ್ತು. "ಇನ್ನೂ ನಾಲ್ಕು ದಿನ ಬೇಕು ಸರ್, ಬೀಜ ಹಸಿ ಐತೆ" ಅಂದರು. ಬೀಜ ಕಂದು ಬಣ್ಣಕ್ಕೆ ತಿರುಗಿ, ಕಡಿದರೆ ಕಟಕ್ ಅನ್ನಬೇಕು.

ಪ್ರಶ್ನೆ: ಇಂಥ ಬಾಟಲಿಯನ್ನು ಮನೆಯಲ್ಲಿ ಎಲ್ಲಿಡಬೇಕು?
– ಮೈಸೂರಿನ ಅದೇ ಓದುಗರು

ಉತ್ತರ: ಅಡುಗೆಮನೆ ಅಟ್ಟದ ಮೇಲಂತೂ ಬೇಡ, ಏಪ್ರಿಲ್ ಸೆಕೆಗೆ ವೈನ್ ಕೆಟ್ಟುಹೋಗುತ್ತದೆ. ಬಿಸಿಲು ಬೀಳದ, ತಣ್ಣಗಿರುವ ಜಾಗದಲ್ಲಿ ಮಲಗಿಸಿ ಇಡಿ, ಆಗ ಕಾರ್ಕ್ ಒಣಗುವುದಿಲ್ಲ. 2013ರದ್ದನ್ನು ಇಡಲು ಹೋಗಬೇಡಿ, ಮಗಳು ಊರಲ್ಲಿರುವಾಗಲೇ ತೆರೆಯಿರಿ. ಉಳಿದರೆ ಮುಚ್ಚಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.